ದೊಡ್ಡವರಾದ ಮೇಲೆ ಚೆಕ್ ಕಲಿಯುವುದು: ಅಳತೆಗೆ ಹೊಲಿದ ಪಾಠಗಳ ಒಳಗುಟ್ಟು

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನ ಕಾಫಿ ಅಂಗಡಿಯೊಂದರಲ್ಲಿ ಹಾಲು ಬೆರೆಸಿದ, ಸಕ್ಕರೆ ಹಾಕದ ಒಂದು ಕಾಫಿಯನ್ನು ಚೆಕ್ ಭಾಷೆಯಲ್ಲಿ ಕೇಳಬೇಕಾದರೆ ಮೂರು ವಿಭಕ್ತಿಗಳು ಗೊತ್ತಿರಬೇಕು. ಕಾಫಿ ಎಂದರೆ ‘ಕಾವ’. ಆದರೆ ಅದನ್ನು ತರಹೇಳುವಾಗ ‘ಕಾವು’ ಆಗುತ್ತದೆ. ಹಾಲು ‘ಮ್ಲೇಕೊ’, ಹಾಲಿನ ಜೊತೆಗೆ ಎನ್ನಬೇಕಾದರೆ ‘ಸ್ ಮ್ಲೇಕೆಮ್’. ಸಕ್ಕರೆ ‘ತ್ಸುಕ್ರ್’, ಸಕ್ಕರೆಯಿಲ್ಲದೆ ಎನ್ನಬೇಕಾದರೆ ‘ಬೆಸ್ ತ್ಸುಕ್ರು’. ಮೂರನ್ನೂ ನಿಘಂಟಿನಲ್ಲಿರುವ ಹಾಗೆಯೇ ಪೋಣಿಸಿ ಹೇಳಿದರೂ ಕಾಫಿ ಬರುತ್ತದೆ, ಅನುಮಾನ ಬೇಡ. ಅದರ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಉತ್ತರವೂ ಬರುತ್ತದೆ. ಅಲ್ಲಿಗೆ ಆ ದಿನದ ಚೆಕ್ ಅಭ್ಯಾಸ ಮುಗಿಯಿತು.

ವಯಸ್ಕರಿಗೆ ಚೆಕ್ ಕಲಿಸುವವರ ಕಷ್ಟ ಇರುವುದು ಇಲ್ಲೇ. ಈ ಭಾಷೆಯ ವ್ಯಾಕರಣವನ್ನು ಚಿಕ್ಕದು ಮಾಡಲು ಬರುವುದಿಲ್ಲ. ಮೊದಲ ದಿನದ ಮೊದಲ ವಾಕ್ಯದಲ್ಲಿಯೇ ಅದು ಎದುರು ನಿಲ್ಲುತ್ತದೆ. ಬದಲಾಯಿಸಲು ಸಾಧ್ಯವಿರುವುದು ಕ್ರಮವೊಂದನ್ನೇ: ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಸದ್ಯಕ್ಕೆ ಮುಟ್ಟಬಾರದು. ಕಲಿಯುವವರ ಉದ್ಯೋಗ, ಮನೆಯ ಪರಿಸ್ಥಿತಿ, ಗುರಿ, ಮಾತೃಭಾಷೆ ಈ ನಾಲ್ಕನ್ನು ನೋಡಿ ಆ ಕ್ರಮವನ್ನು ಕೂಡಿಸಿದರೆ ಅದು ಅಳತೆ ತೆಗೆದು ಹೊಲಿದ ಪಾಠ. ಮೊದಲ ಮೂರನ್ನು ಸಾಮಾನ್ಯವಾಗಿ ಎಲ್ಲ ಭಾಷಾ ಶಾಲೆಗಳೂ ವಿಚಾರಿಸುತ್ತವೆ. ನಾಲ್ಕನೆಯದನ್ನು ವಿಚಾರಿಸುವುದು ಅರೆಮನಸ್ಸಿನಿಂದ. ಕನ್ನಡಿಗರಿಗೆ ನಷ್ಟವಾಗುವುದು ಆ ನಾಲ್ಕನೆಯದರಲ್ಲಿ ಎಂಬುದು ನನ್ನ ವಾದ. ಅದಕ್ಕೆ ಮುಂದೆ ಬರುತ್ತೇನೆ.

ಕನ್ನಡಿಗರಿಗೂ ಚೆಕ್ ಭಾಷೆಗೂ ಎತ್ತಣ ಸಂಬಂಧ ಎಂದು ಕೇಳಬಹುದು. ಚೆಕ್ ಗಣರಾಜ್ಯದ ಜನಸಂಖ್ಯೆ ಸುಮಾರು 1.09 ಕೋಟಿ. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ವಿದೇಶೀಯರು. ಉಕ್ರೇನಿಯನ್ನರು ಎಲ್ಲರಿಗಿಂತ ಹೆಚ್ಚು, ಆಮೇಲೆ ಸ್ಲೊವಾಕ್ ಮತ್ತು ವಿಯೆಟ್ನಾಮ್ ಜನ. ಭಾರತೀಯರ ಸಂಖ್ಯೆ ಸಾವಿರಗಳಲ್ಲಿದೆ. ದೇಶದ ಎರಡನೆಯ ದೊಡ್ಡ ನಗರ ಬ್ರನೊದಲ್ಲಿ ಮಾಹಿತಿ ತಂತ್ರಜ್ಞಾನದ ಕೆಲಸ ಬೇಕಾದಷ್ಟಿದೆ. ಹನಿವೆಲ್, ರೆಡ್ ಹ್ಯಾಟ್ ಕಂಪನಿಗಳಿಗೆ ಅಲ್ಲಿಯೂ ಬೆಂಗಳೂರಿನಲ್ಲಿಯೂ ಎಂಜಿನಿಯರುಗಳ ತಂಡಗಳಿವೆ. ಹಾಗಾಗಿ ಈ ಎರಡು ಊರುಗಳ ನಡುವೆ ಓಡಾಟ ಹೊಸದೇನಲ್ಲ. ಇನ್ನೂ ಹಿಂದಿನ ನಂಟೊಂದಿದೆ: ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಸಲು ತೊಡಗಿದ್ದು ಇದೇ ಬ್ರನೊದ ಝೆಟೊರ್ ಕಂಪನಿಯ ತಂತ್ರಜ್ಞಾನದಿಂದ. ನಮ್ಮ ಹೊಲಗಳಲ್ಲಿ ಓಡಾಡಿದ ಆ ಹಳೆಯ ಟ್ರ್ಯಾಕ್ಟರುಗಳ ವಿನ್ಯಾಸ ಮೊದಲು ಚೆಕ್ ಭಾಷೆಯಲ್ಲಿ ಚರ್ಚೆಯಾಗಿತ್ತು.

ಈಗ ಲೆಕ್ಕಾಚಾರ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಚೆಕ್ ಕಲಿಸಲು 44 ವಾರ, ಅಂದರೆ ಸುಮಾರು 1100 ತರಗತಿ ಗಂಟೆಗಳನ್ನು ಮೀಸಲಿಡುತ್ತದೆ. ಅವರು ಇಂಗ್ಲಿಷ್ ಮಾತೃಭಾಷೆಯವರು, ಸಂಬಳ ಪಡೆದು ಇಡೀ ದಿನ ಕಲಿಯುವವರು, ಕಚೇರಿಯ ವ್ಯವಹಾರ ನಡೆಸುವ ಮಟ್ಟದ ಭಾಷೆ ಅವರಿಗೆ ಬೇಕು. ಕಂಪನಿಯ ಪಾಠವೋ ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ. ಆ ವೇಗದಲ್ಲಿ 1100 ಗಂಟೆ ಮುಟ್ಟಲು ಏಳು ವರ್ಷ ಬೇಕು. ಸಾಲದ್ದಕ್ಕೆ, ಚೆಕ್ ದೇಶದಲ್ಲಿ ಪಾಠದ ‘ಗಂಟೆ’ ಎಂದರೆ 45 ನಿಮಿಷ. 60 ಗಂಟೆಗಳ ಕೋರ್ಸ್ ಎಂದು ಹಣ ಕಟ್ಟಿದರೆ ಕೈಗೆ ಸಿಗುವುದು ಗಡಿಯಾರದ 45 ಗಂಟೆ. ಮೋಸವೇನಲ್ಲ, ಅಲ್ಲಿನ ಪದ್ಧತಿ. ಆದರೆ ಎರಡು ಶಾಲೆಗಳ ಶುಲ್ಕವನ್ನು ಹೋಲಿಸುವಾಗ ಇದು ತಿಳಿದಿರಬೇಕು.

ಏಳು ವರ್ಷ ಕಾಯುವವರು ಯಾರೂ ಇಲ್ಲವಾದ್ದರಿಂದ ಗುರಿಯನ್ನು ಹತ್ತಿರಕ್ಕೆ ತಂದುಕೊಳ್ಳಬೇಕು. ಅಲ್ಲಿ ನೆಲೆಸಲು ಹೋದವರಿಗೆ ಆ ಗುರಿಯನ್ನು ಸರಕಾರವೇ ಗೊತ್ತುಮಾಡಿದೆ. ಯುರೋಪಿನ ಭಾಷಾ ಮಟ್ಟಗಳನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ಎಣಿಸುತ್ತಾರೆ. ಐದು ವರ್ಷ ವಾಸವಿದ್ದ ಮೇಲೆ ಶಾಶ್ವತ ವಾಸದ ಪರವಾನಗಿ ಕೇಳುವ ವಿದೇಶೀಯರಿಗೆ 2009ರಿಂದ ಎ1 ಮಟ್ಟದ ಪರೀಕ್ಷೆ ಇತ್ತು. 2021ರ ಸೆಪ್ಟೆಂಬರಿನಿಂದ ಅದನ್ನು ಎ2ಕ್ಕೆ ಏರಿಸಿದರು. ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ನಾಲ್ಕನ್ನೂ ಅಳೆಯುತ್ತಾರೆ. 15 ವರ್ಷದೊಳಗಿನವರಿಗೆ ಮತ್ತು 60 ದಾಟಿದವರಿಗೆ ವಿನಾಯಿತಿಯುಂಟು. ಪೌರತ್ವ ಬೇಕೆಂದರೆ ಬಿ1 ಮಟ್ಟ. ಅದರ ಜೊತೆಗೆ ದೇಶದ ಇತಿಹಾಸ, ಭೂಗೋಳ, ಆಡಳಿತದ ಬಗ್ಗೆ 30 ಪ್ರಶ್ನೆಗಳ ಪತ್ರಿಕೆ, ಅದರಲ್ಲಿ 18 ಸರಿ ಇರಬೇಕು. ಪ್ರಶ್ನೆಗಳ ಭಂಡಾರ ಎಲ್ಲರಿಗೂ ತೆರೆದಿರುವುದರಿಂದ ಎರಡನೆಯದನ್ನು ಕಂಠಪಾಠ ಮಾಡಿ ದಾಟುವವರು ಬಹಳ. ಮೊದಲನೆಯದನ್ನು ಹಾಗೆ ದಾಟಲು ಆಗುವುದಿಲ್ಲ.

ಪಾಠಗಳು ಸಿಗುವ ಜಾಗಗಳು ಹಲವು. ಸರಕಾರದ ಬೆಂಬಲವಿರುವ ವಿದೇಶೀಯರ ಏಕೀಕರಣ ಕೇಂದ್ರಗಳು ಎಲ್ಲ ಪ್ರಾಂತಗಳಲ್ಲಿಯೂ ಇವೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಗೆ ಅಲ್ಲಿ ಉಚಿತ ಅಥವಾ ಅಗ್ಗದ ಪಾಠಗಳಿರುತ್ತವೆ. ಕೆಲವು ತರಗತಿಗಳಿಗೆ ಹೆಸರು ನೋಂದಾಯಿಸದೆ ಯಾವ ವಾರ ಬೇಕಾದರೂ ಹೋಗಿ ಕೂರಬಹುದು. ಅನುಕೂಲ ನಿಜ, ಆದರೆ ಪ್ರತಿ ವಾರ ಹೊಸಬರು ಬರುವ ತರಗತಿ ಮುಂದಕ್ಕೆ ಸಾಗುವುದು ನಿಧಾನ. ಇನ್ನೊಂದು ತುದಿಯಲ್ಲಿ ಚಾರ್ಲ್ಸ್ ವಿಶ್ವವಿದ್ಯಾಲಯದ ಭಾಷಾ ಮತ್ತು ಪೂರ್ವಸಿದ್ಧತಾ ಸಂಸ್ಥೆ ಇದೆ. ಪ್ರಾಗ್ ಮತ್ತು ಪೊದ್ಯೆಬ್ರದಿ ಪಟ್ಟಣಗಳಲ್ಲಿ ಒಂದು ಶೈಕ್ಷಣಿಕ ವರ್ಷವಿಡೀ ಬೆಳಗಿನಿಂದ ಭಾಷೆ ಕಲಿಸಿ ವಿಶ್ವವಿದ್ಯಾಲಯಕ್ಕೆ ಸಿದ್ಧಮಾಡುತ್ತಾರೆ. ಇಷ್ಟು ತ್ರಾಸ ಪಡಲು ಕಾರಣವಿದೆ: ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಚೆಕ್ ಮಾಧ್ಯಮದಲ್ಲಿ ಓದಿದರೆ ಯಾವ ದೇಶದವರಾದರೂ ಬೋಧನಾ ಶುಲ್ಕವಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಶುಲ್ಕವಿದೆ, ವೈದ್ಯಕೀಯಕ್ಕಂತೂ ಲಕ್ಷಗಳಲ್ಲಿ. ಇಂಗ್ಲಿಷ್ ಮಾಧ್ಯಮದಲ್ಲಿ ವೈದ್ಯಕೀಯ ಓದುವವರಿಗೂ ಚೆಕ್ ಪಾಠ ತಪ್ಪುವುದಿಲ್ಲ, ಏಕೆಂದರೆ ಆಸ್ಪತ್ರೆಯಲ್ಲಿ ಮಲಗಿರುವ ಎಂಬತ್ತರ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಒಕ್ಕೂಟದ ಹೊರಗೆ ಪದವಿ ಪಡೆದ ವೈದ್ಯರು ಅಲ್ಲಿ ವೃತ್ತಿ ನಡೆಸಬೇಕಾದರೆ ಅರ್ಹತಾ ಪರೀಕ್ಷೆಯನ್ನೇ ಚೆಕ್ ಭಾಷೆಯಲ್ಲಿ ಎದುರಿಸಬೇಕು. ಭಾರತದಲ್ಲಿದ್ದುಕೊಂಡೇ ಕಲಿಯಬೇಕೆನ್ನುವವರಿಗೆ ದಿಲ್ಲಿ ವಿಶ್ವವಿದ್ಯಾಲಯದ ಸ್ಲಾವ್ ಭಾಷೆಗಳ ವಿಭಾಗದಲ್ಲಿ ಚೆಕ್ ಇದೆ. ಏಕೀಕರಣ ಕೇಂದ್ರಕ್ಕೂ ವಿಶ್ವವಿದ್ಯಾಲಯಕ್ಕೂ ನಡುವೆ ಖಾಸಗಿ ಶಾಲೆಗಳು, ಕಂಪನಿಗೇ ಬಂದು ಕಲಿಸುವವರು, ಅಂತರ್ಜಾಲದಲ್ಲಿ ಒಬ್ಬರಿಗೊಬ್ಬರು ಪಾಠ ಹೇಳುವವರು ಇದ್ದಾರೆ. ‘ನಿಮಗೆ ತಕ್ಕಂತೆ ರೂಪಿಸಿದ’ ಎಂಬ ಜಾಹೀರಾತು ಹೆಚ್ಚಾಗಿ ಕಾಣುವುದು ಈ ನಡುವಿನ ಗುಂಪಿನಲ್ಲಿ.

ಚೆಕ್ ಶಾಲೆಗಳು ಮಾತೃಭಾಷೆಯನ್ನು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ ಎಂದಲ್ಲ. ಹಲವು ಕಡೆ ತರಗತಿಗಳನ್ನು ಎರಡಾಗಿ ಒಡೆಯುತ್ತಾರೆ: ಸ್ಲಾವ್ ಭಾಷಿಕರಿಗೆ ಒಂದು, ಉಳಿದವರಿಗೆ ಒಂದು. ಉಕ್ರೇನಿಯನ್, ರಷ್ಯನ್, ಪೋಲಿಷ್ ಆಡುವವರಿಗೆ ವಿಭಕ್ತಿ, ಲಿಂಗ, ಕ್ರಿಯಾಪದದ ಜೋಡಿಗಳು ಮೊದಲೇ ಗೊತ್ತು, ಅವರು ಓಡುತ್ತಾರೆ. 2022ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ಉಕ್ರೇನಿಯನ್ನರಿಗಾಗಿ ಇಂಥ ತರಗತಿಗಳು ಬಹಳ ಹೆಚ್ಚಿದವು. ‘ಉಳಿದವರ’ ತರಗತಿಯಲ್ಲಿ ಅಮೆರಿಕದವರು, ವಿಯೆಟ್ನಾಮಿನವರು, ಚೀನಾದವರು, ನಾವು. ಅಲ್ಲಿ ವಿವರಣೆಯ ಭಾಷೆ ಇಂಗ್ಲಿಷ್. ತೊಡಕು ಹುಟ್ಟುವುದು ಇಲ್ಲಿಂದ. ಇಂಗ್ಲಿಷಿನವರಿಗೆ ವಿಚಿತ್ರವಾಗಿ ಕಾಣುವುದನ್ನೆಲ್ಲ ವಿಚಿತ್ರವೆಂದು ಪರಿಚಯಿಸುವ ಪಾಠಕ್ರಮ ಅದು. ಕನ್ನಡಿಗರು ಕೂಡ ತಮ್ಮ ಕನ್ನಡವನ್ನು ಬಾಗಿಲಲ್ಲಿ ಬಿಟ್ಟು, ಇಂಗ್ಲಿಷಿನ ಕನ್ನಡಕ ಹಾಕಿಕೊಂಡು ಒಳಗೆ ಹೋಗಿ, ತಮ್ಮ ಮನೆಯಲ್ಲೇ ಇರುವ ಸಾಮಾನನ್ನು ಕಂಡು ಬೆರಗಾಗುತ್ತಾರೆ.

ಏಳು ವಿಭಕ್ತಿ ಎಂದೊಡನೆ ಲಂಡನ್ನಿನಿಂದ ಬಂದವನು ಬೆವರುತ್ತಾನೆ. ಉ, ಅನ್ನು, ಇಂದ, ಗೆ ಎಂದು ಪ್ರಾಥಮಿಕ ಶಾಲೆಯಲ್ಲಿ ರಾಗವಾಗಿ ಹೇಳಿದವರು ಬೆವರಬೇಕಾಗಿಲ್ಲ. ಚೆಕ್ ಮಕ್ಕಳೂ ಶಾಲೆಯಲ್ಲಿ ವಿಭಕ್ತಿಗಳನ್ನು ನಮ್ಮಂತೆಯೇ ಒಂದನೆಯದು, ಎರಡನೆಯದು ಎಂದು ಅಂಕಿಯಿಂದ ಕರೆಯುತ್ತಾರೆ. ‘ಯಾರು? ಏನು?’, ‘ಯಾರಿಗೆ? ಯಾವುದಕ್ಕೆ?’ ಎಂಬಂಥ ಪ್ರಶ್ನೆಗಳನ್ನು ಕೇಳಿ ಗುರುತಿಸುತ್ತಾರೆ. ಅಂಕಿಗಳು ಮಾತ್ರ ಒಂದಕ್ಕೊಂದು ತಾಳೆಯಾಗವು: ನಮ್ಮ ದ್ವಿತೀಯಾ ಅವರ ನಾಲ್ಕನೆಯದು, ನಮ್ಮ ಚತುರ್ಥೀ ಅವರ ಮೂರನೆಯದು, ನಮ್ಮ ಷಷ್ಠಿಯ ಕೆಲಸ ಅವರ ಎರಡನೆಯದರ ಪಾಲಿಗೆ, ಸಂಬೋಧನೆ ಐದನೆಯದು. ಈ ನಾಲ್ಕು ಜೋಡಿಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಮೊದಲ ತಿಂಗಳ ಅರ್ಧ ಗೊಂದಲ ಇಲ್ಲವಾಗುತ್ತದೆ.

ಅದಕ್ಕಿಂತ ದೊಡ್ಡ ಲಾಭ ವಾಕ್ಯದ ಅಚ್ಚಿನಲ್ಲಿದೆ. ಚಳಿಯಾದಾಗ ಚೆಕ್ ಜನ ‘ಯೆ ಮಿ ಝಿಮ’ ಎನ್ನುತ್ತಾರೆ. ‘ಮಿ’ ಎಂದರೆ ನನಗೆ, ‘ಝಿಮ’ ಎಂದರೆ ಚಳಿ. ವಯಸ್ಸು ಐವತ್ತಾದರೆ ‘ಯೆ ಮಿ ಪದೆಸಾತ್ ಲೆತ್’, ನನಗೆ ಐವತ್ತು ವರ್ಷ. ಒಂದು ವಸ್ತು ಮೆಚ್ಚಿಗೆಯಾದರೆ ‘ಲೀಬೀ ಸೆ ಮಿ ತೊ’, ನನಗೆ ಅದು ಹಿಡಿಸಿತು. ಇಂಗ್ಲಿಷಿನ ಮೂಲಕ ಕಲಿಸುವವರು ಇದಕ್ಕೆ ಒಂದು ಇಡೀ ಪಾಠ ಮೀಸಲಿಟ್ಟು, ಇಲ್ಲಿ ಕರ್ತೃ ಇಲ್ಲ, ಗಾಬರಿಯಾಗಬೇಡಿ ಎಂದು ಸಮಾಧಾನ ಹೇಳುತ್ತಾರೆ. ನಮಗೆ ಚಳಿಯೂ ಹಸಿವೂ ವಯಸ್ಸೂ ಹುಟ್ಟಿದಂದಿನಿಂದ ‘ನನಗೆ’ಯೇ ಆಗಿವೆ. ಈ ಪಾಠವನ್ನು ಕನ್ನಡಿಗರು ಹತ್ತು ನಿಮಿಷದಲ್ಲಿ ಮುಗಿಸಬಹುದು. ಎಲ್ಲ ಕಡೆ ಕಣ್ಣು ಮುಚ್ಚಿ ನಂಬಬಾರದು, ಅಷ್ಟೆ: ತಲೆನೋವು ಬಂದಾಗ ಅವರು ‘ಬೊಲೀ ಮ್ಞೆ ಹ್ಲವ’ ಎನ್ನುತ್ತಾರೆ, ತಲೆ ನನ್ನನ್ನು ನೋಯಿಸುತ್ತದೆ ಎಂಬ ಅಚ್ಚು, ನಮ್ಮ ‘ನನಗೆ’ ಇಲ್ಲಿ ನಡೆಯದು.

ಕರ್ತೃವಿನ ಸರ್ವನಾಮವನ್ನು ನುಂಗುವುದೂ ಹಾಗೆಯೇ. ‘ಹೋಗುತ್ತೇನೆ’ ಎಂದರೆ ‘ನಾನು’ ಅದರೊಳಗೇ ಇದೆ. ಚೆಕ್ ಕ್ರಿಯಾಪದವೂ ಇದೇ ಜಾತಿಯದು. ಮಾತುಮಾತಿಗೆ ‘ಯಾ’, ಅಂದರೆ ನಾನು, ಎಂದು ಸೇರಿಸುವವರನ್ನು ಅಲ್ಲಿ ಕೂಡಲೇ ಪರದೇಶಿಯೆಂದು ಗುರುತಿಸುತ್ತಾರೆ. ಇನ್ನು ನೀನು ಮತ್ತು ನೀವು. ಅಂಗಡಿಯವರು, ವೈದ್ಯರು, ನೆರೆಮನೆಯ ಹಿರಿಯರು, ಕಚೇರಿಯ ಗುಮಾಸ್ತರು ಎಲ್ಲರೂ ‘ನೀವು’. ‘ನೀನು’ ಎನ್ನಲು ಅನುಮತಿ ಬೇಕು; ಅದನ್ನು ಹಿರಿಯರು, ಇಲ್ಲವೇ ಮೇಲಧಿಕಾರಿ, ಇಲ್ಲವೇ ಹೆಂಗಸರು ಕೊಡುವುದು ವಾಡಿಕೆ. ಕೆಲವೊಮ್ಮೆ ಅದಕ್ಕೆಂದೇ ಲೋಟ ಎತ್ತಿ ಬಡಿಯುವುದೂ ಉಂಟು. ಕನ್ನಡದ ಮನೆಯಲ್ಲಿ ಬೆಳೆದವರಿಗೆ ಈ ಸೂಕ್ಷ್ಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಂಬೋಧನೆಯ ರೂಪವನ್ನು ಮಾತ್ರ ಕಲಿಯಬೇಕು: ನೊವಾಕ್ ಎಂಬವರನ್ನು ಕರೆಯುವಾಗ ‘ಪನೆ ನೊವಾಕು’, ವೈದ್ಯರನ್ನು ‘ಪನೆ ದೊಕ್ತೊರೆ’, ವೈದ್ಯೆಯನ್ನು ‘ಪನೀ ದೊಕ್ತೊರ್ಕೊ’. ಹೆಸರನ್ನು ಹಾಗೆಯೇ ಕೂಗಿದರೆ ತಪ್ಪಲ್ಲ, ಒರಟು.

ಕನ್ನಡ ಕೈಕೊಡುವ ಜಾಗಗಳನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಇದು ಹೊಗಳಿಕೆಯ ಭಾಷಣವಾಗುತ್ತದೆ. ನಮ್ಮ ಪ್ರತ್ಯಯಗಳು ಪ್ರಾಮಾಣಿಕ. ‘ಅನ್ನು’ ಯಾವ ನಾಮಪದಕ್ಕೆ ಅಂಟಿದರೂ ಅದು ‘ಅನ್ನು’ವೇ, ಬಹುವಚನ ಬೇಕಾದರೆ ಮಧ್ಯೆ ‘ಗಳ’ ಬಂದು ಕೂರುತ್ತದೆ. ಚೆಕ್ ಭಾಷೆಯಲ್ಲಿ ಲಿಂಗ, ವಚನ, ವಿಭಕ್ತಿ ಮೂರೂ ಒಂದೇ ಸ್ವರದಲ್ಲಿ ಅಡಕವಾಗಿರುತ್ತವೆ. ಮೊದಲು ಕೇಳಿದ ಕಾಫಿಯನ್ನೇ ನೋಡಿ. ‘ಕಾವು’, ‘ತ್ಸುಕ್ರು’ ಎರಡೂ ಉಕಾರದಿಂದ ಮುಗಿಯುತ್ತವೆ. ಆದರೆ ಮೊದಲನೆಯದು ಸ್ತ್ರೀಲಿಂಗದ ನಾಲ್ಕನೆಯ ವಿಭಕ್ತಿ, ಎರಡನೆಯದು ಪುಲ್ಲಿಂಗದ ಎರಡನೆಯ ವಿಭಕ್ತಿ. ಪ್ರತ್ಯಯವನ್ನು ಕಂಡು ವಿಭಕ್ತಿಯನ್ನು ಹೇಳಲಾಗುವುದಿಲ್ಲ. ಪದದ ಲಿಂಗ ಮೊದಲು ಗೊತ್ತಿರಬೇಕು. ಸಾಂಪ್ರದಾಯಿಕವಾಗಿ ನಾಮಪದಗಳಿಗೆ 14 ಮಾದರಿಗಳನ್ನು ಹೇಳುತ್ತಾರೆ, ಒಂದೊಂದಕ್ಕೂ ಏಳು ಏಕವಚನ, ಏಳು ಬಹುವಚನ ರೂಪಗಳು. ಆ ಕೋಷ್ಟಕವನ್ನು ಮೊದಲ ವಾರ ಎದುರಿಗಿಡುವ ಶಿಕ್ಷಕರಿಂದ ದೂರವಿರುವುದು ಒಳ್ಳೆಯದು.

ಲಿಂಗದ ವಿಷಯದಲ್ಲಿ ಕನ್ನಡಕ್ಕೆ ಅರ್ಥವೇ ಪ್ರಮಾಣ: ಮೇಜು, ಕುರ್ಚಿ, ಕಿಟಕಿ ಎಲ್ಲವೂ ನಪುಂಸಕ. ಅಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು, ಕಿಟಕಿ ನಪುಂಸಕ. ವ್ಯಂಜನದಿಂದ ಮುಗಿದರೆ ಬಹುಮಟ್ಟಿಗೆ ಪುಲ್ಲಿಂಗ, ಅಕಾರದಿಂದ ಮುಗಿದರೆ ಸ್ತ್ರೀಲಿಂಗ, ಒಕಾರದಿಂದ ಮುಗಿದರೆ ನಪುಂಸಕ ಎಂಬ ಸೂತ್ರ ಮೊದಲ ವರ್ಷಕ್ಕೆ ಸಾಕು. ಪುಲ್ಲಿಂಗದಲ್ಲಿ ಮತ್ತೆ ಜೀವವಿರುವುದು, ಇಲ್ಲದ್ದು ಎಂಬ ಭೇದವಿದೆ. ‘ನಾಯಿಯನ್ನು ನೋಡಿದೆ’ ಎನ್ನುವಾಗ ಪದ ಬದಲಾಗುತ್ತದೆ, ‘ಕೋಟೆಯನ್ನು ನೋಡಿದೆ’ ಎನ್ನುವಾಗ ಬದಲಾಗುವುದಿಲ್ಲ. ಭೂತಕಾಲದಲ್ಲಿ ‘ನಾನು ಬರೆದೆ’ ಎನ್ನುವಾಗಲೂ ಗಂಡಸು ‘ಪ್ಸಲ್ ಸೆಮ್’, ಹೆಂಗಸು ‘ಪ್ಸಲ ಸೆಮ್’ ಎನ್ನಬೇಕು. ಹಿಂದಿ ಬಲ್ಲ ಕನ್ನಡಿಗರು ಈ ಪೆಟ್ಟನ್ನು ಒಮ್ಮೆ ತಿಂದು ಸುಧಾರಿಸಿಕೊಂಡಿರುತ್ತಾರೆ.

ಕ್ರಿಯಾಪದಗಳು ಜೋಡಿಜೋಡಿಯಾಗಿ ಬರುತ್ತವೆ ಎಂಬುದು ಎಲ್ಲಕ್ಕಿಂತ ಆಳವಾದ ತೊಡಕು. ‘ಪ್ಸಲ್ ಸೆಮ್ ದೊಪಿಸ್’ ಎಂದರೆ ಪತ್ರ ಬರೆಯುವ ಕೆಲಸದಲ್ಲಿದ್ದೆ. ಮುಗಿಯಿತೋ ಇಲ್ಲವೋ ಮಾತಿಲ್ಲ. ‘ನಪ್ಸಲ್ ಸೆಮ್ ದೊಪಿಸ್’ ಎಂದರೆ ಬರೆದು ಮುಗಿಸಿದೆ. ಬಹುಪಾಲು ಕ್ರಿಯೆಗಳಿಗೂ ಇಂಥ ಎರಡು ಪದಗಳನ್ನು ಕಲಿಯಬೇಕು, ಮುಂದೆ ಹತ್ತುವ ಉಪಸರ್ಗ ಯಾವುದು ಎಂಬುದಕ್ಕೆ ನಿಯಮವಿಲ್ಲ. ‘ಬರೆದುಬಿಟ್ಟೆ’, ‘ತಿಂದುಹಾಕಿದ’, ‘ಓದಿ ಮುಗಿಸಿದಳು’ ಎಂಬ ನಮ್ಮ ಸಂಯುಕ್ತ ಕ್ರಿಯೆಗಳಲ್ಲಿ ಈ ಭಾವನೆಯ ಒಂದು ಪಾಲು ಇದೆ. ಅದನ್ನು ಹಿಡಿದುಕೊಂಡರೆ ಕಲ್ಪನೆ ಬೇಗ ತಲೆಗೆ ಹೋಗುತ್ತದೆ, ಪದಗಳನ್ನು ಮಾತ್ರ ಬಾಯಿಪಾಠವೇ ಮಾಡಬೇಕು. ಇದರ ಮೇಲೆ, ‘ಹೋಗು’ ಎಂಬ ನಮ್ಮ ಒಂದೇ ಪದಕ್ಕೆ ಅಲ್ಲಿ ನಡೆದು ಹೋಗುವುದು ‘ಯೀತ್’, ವಾಹನದಲ್ಲಿ ಹೋಗುವುದು ‘ಯೆತ್’. ದಿನವೂ ಹೋಗಿಬರುವುದಕ್ಕೆ ಮತ್ತೆ ಬೇರೆ ಎರಡು.

ಸಂಖ್ಯೆಯಲ್ಲೂ ಒಂದು ತಿರುವಿದೆ. ಅಲ್ಲಿನ ನಾಣ್ಯ ಕೊರುನ. ಎರಡು, ಮೂರು, ನಾಲ್ಕಕ್ಕೆ ‘ಕೊರುನಿ’; ಐದರಿಂದ ಮೇಲಕ್ಕೆ ‘ಕೊರುನ್’. ಐದು ಎಂದ ಕೂಡಲೇ ನಾಮಪದ ಷಷ್ಠಿಗೆ ಜಾರುತ್ತದೆ. ಅಂಗಡಿಯಲ್ಲಿ ಬೆಲೆಗಳು ನಾಲ್ಕಕ್ಕಿಂತ ಹೆಚ್ಚೇ ಇರುವುದರಿಂದ ‘ಕೊರುನ್’ ಒಂದನ್ನೇ ಕಲಿತು ಬದುಕುವವರಿದ್ದಾರೆ. ಅದೂ ಒಂದು ಜಾಣತನ.

ಉಚ್ಚಾರಣೆಗೆ ಬಂದರೆ ನಾವು ಮತ್ತೆ ಗೆದ್ದೆವು. ‘ಬಿತ್’ ಎಂದರೆ ವಾಸದ ಮನೆ, ‘ಬೀತ್’ ಎಂದರೆ ಇರುವುದು. ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ತಪ್ಪಿತು. ಕನ್ನಡದಲ್ಲಿ ಅದೇ ನ್ಯಾಯ. ಚೆಕ್ ಪದಗಳ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ, ದೀರ್ಘ ಎಲ್ಲಿ ಬೇಕಾದರೂ ಇರಬಹುದು. ಇಂಗ್ಲಿಷಿನವರು ಒತ್ತಿದ್ದನ್ನೆಲ್ಲ ಎಳೆಯುತ್ತಾರೆ, ಎಳೆಯಬೇಕಾದ್ದನ್ನು ನುಂಗುತ್ತಾರೆ. ‘ದ್ರಹಾ’ ಎಂದರೆ ದುಬಾರಿಯಾದವಳು ಇಲ್ಲವೇ ಪ್ರಿಯಳಾದವಳು, ‘ದ್ರಾಹ’ ಎಂದರೆ ರೈಲು ಹಾದಿ. ಇವೆರಡನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ತಪ್ಪಲು ಸಾಧ್ಯವೇ ಇಲ್ಲ. ಪ, ತ, ಕಗಳಿಗೆ ಇಂಗ್ಲಿಷಿನವರು ತಮಗೆ ಗೊತ್ತಿಲ್ಲದೆ ಉಸಿರು ಸೇರಿಸುತ್ತಾರೆ. ನಮ್ಮ ಅಲ್ಪಪ್ರಾಣ ಇಲ್ಲಿ ಸರಿಯಾಗಿ ಕೂರುತ್ತದೆ. ‘ಸ್ತೃಚ್ ಪೃಸ್ತ್ ಸ್ಕೃಸ್ ಕೃಕ್’, ಬೆರಳನ್ನು ಗಂಟಲಲ್ಲಿ ತೂರಿಸು ಎಂಬ ಅರ್ಥದ, ಸ್ವರವೇ ಇಲ್ಲದ ಪ್ರಸಿದ್ಧ ವಾಕ್ಯವನ್ನು ನಾನು ಇಲ್ಲಿ ಸರಾಗವಾಗಿ ಬರೆಯಲು ಸಾಧ್ಯವಾದದ್ದು ನಮ್ಮ ವರ್ಣಮಾಲೆಯಲ್ಲಿ ಋಕಾರ ಇರುವುದರಿಂದ. ಬ್ರನೊ ಕೂಡ ನಿಜವಾಗಿ ‘ಬೃನೊ’. ತೊಂದರೆಯೆಂದರೆ ನಾವು ಋ ಎಂದು ಬರೆದು ‘ರು’ ಎಂದು ಓದುತ್ತೇವೆ. ಆ ಉಕಾರವನ್ನು ಕಿತ್ತುಹಾಕುವುದೇ ಅಭ್ಯಾಸ.

ಹಾಸ್ಯಕ್ಕೂ ಭಯಕ್ಕೂ ಗುರಿಯಾದ ಒಂದು ಧ್ವನಿ ಉಳಿಯಿತು: ರಕಾರವನ್ನು ನಾಲಿಗೆಯ ತುದಿಯಲ್ಲಿ ಅದುರಿಸುತ್ತಲೇ ‘ಝ್’ ಎಂಬ ಸಿಡುಕನ್ನು ಅದರೊಳಗೆ ಬೆರೆಸುವುದು. ಸಂಗೀತಗಾರ ದ್ವೊರ್ಝಾಕ್ ಅವರ ಹೆಸರಿನ ಮಧ್ಯೆ ಇರುವುದು ಅದೇ. ಹಳಗನ್ನಡದ ಶಕಟರೇಫವನ್ನು (ಱ) ನೆನೆದು ಆಸೆಪಡಬೇಡಿ, ಅದು ಬೇರೆ. ಚೆಕ್ ಮಕ್ಕಳೇ ಎಲ್ಲಕ್ಕಿಂತ ಕೊನೆಗೆ ಕಲಿಯುವ ಧ್ವನಿ ಇದು. ಕೆಲವರನ್ನು ವಾಕ್ ಚಿಕಿತ್ಸಕರ ಬಳಿ ಕರೆದುಕೊಂಡು ಹೋಗುತ್ತಾರೆ. ಚೆಕ್ ಗಣರಾಜ್ಯದ ಮೊದಲ ಅಧ್ಯಕ್ಷ ವಾತ್ಸ್ಲಾವ್ ಹಾವೆಲ್ ಅವರಿಗೆ ಸಾದಾ ರಕಾರವೇ ಸರಿಯಾಗಿ ಹೊರಳುತ್ತಿರಲಿಲ್ಲ, ದೇಶ ಆಳಲು ಅದು ಅಡ್ಡಿಯಾಗಲಿಲ್ಲ. ಹೀಗಾಗಿ ಎ2 ಪರೀಕ್ಷೆಯ ತಯಾರಿಯಲ್ಲಿ ಈ ಒಂದು ಧ್ವನಿಗಾಗಿ ತರಗತಿಯ ಹೊತ್ತನ್ನು ಸುಡುವುದು ವ್ಯರ್ಥ.

ಎರಡು ಭಾಷೆಗಳಿಗೂ ಸಮಾನವಾದ ಮತ್ತೊಂದು ಸಂಗತಿ ಇದೆ. ಶಾಲೆಗಳು ಇದನ್ನು ಹೇಳಲು ಯಾಕೋ ಹಿಂಜರಿಯುತ್ತವೆ. ಪುಸ್ತಕದ ಚೆಕ್ ಬೇರೆ, ಪ್ರಾಗ್ ಇರುವ ಪಶ್ಚಿಮ ಭಾಗವಾದ ಬೊಹೆಮಿಯಾದ ಬೀದಿಯ ಚೆಕ್ ಬೇರೆ. ಪುಸ್ತಕದ ‘ದೊಬ್ರೀ’ ಬಾಯಲ್ಲಿ ‘ದೊಬ್ರೆಯ್’, ಹಾಲು ‘ಮ್ಲೀಕೊ’, ಕಿಟಕಿ ‘ಒಕ್ನೊ’ ಹೋಗಿ ‘ವೊಕ್ನೊ’. ಇದಕ್ಕೆ ಚರಿತ್ರೆಯಿದೆ. ಜರ್ಮನ್ ಭಾಷೆಯಲ್ಲಿ ಆಡಳಿತ ನಡೆಯುತ್ತಿದ್ದ ಕಾಲದಲ್ಲಿ ಸೊರಗಿದ್ದ ಬರಹದ ಚೆಕ್‌ಗೆ ಮತ್ತೆ ಜೀವ ತುಂಬುವಾಗ ಯೊಸೆಫ್ ದೊಬ್ರೊವ್‌ಸ್ಕೀ 1809ರಲ್ಲಿ ಬರೆದ ವ್ಯಾಕರಣ ಅಂದಿನ ಆಡುಮಾತನ್ನು ಆಧರಿಸದೆ ಇನ್ನೂರು ವರ್ಷ ಹಿಂದಿನ ಸಾಹಿತ್ಯದ ಭಾಷೆಯನ್ನು ಆಧರಿಸಿತು. ಆ ವ್ಯಾಕರಣವನ್ನು ಅವರು ಬರೆದದ್ದು ಜರ್ಮನ್ ಭಾಷೆಯಲ್ಲಿ ಎಂಬುದು ಇನ್ನೊಂದು ಸ್ವಾರಸ್ಯ. ಬ್ರನೊ ಇರುವ ಮೊರಾವಿಯಾದ ಆಡುಮಾತು ಮತ್ತೂ ಬೇರೆ. ಟ್ರಾಮ್ ಬಂಡಿ ಪ್ರಾಗ್‌ನವರಿಗೆ ‘ತ್ರಮ್ವಯ್’, ಬ್ರನೊದಲ್ಲಿ ‘ಶಲಿನ’. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡವನ್ನು ಕೇಳಿ ಬಲ್ಲವರು ಇದರಿಂದ ಎದೆಗುಂದುವುದಿಲ್ಲ, ಆದರೆ ಆರು ತಿಂಗಳು ಕಲಿತ ಮೇಲೂ ಬಸ್ಸಿನಲ್ಲಿ ಏನೂ ಅರ್ಥವಾಗದಿದ್ದರೆ ತಪ್ಪು ತಮ್ಮದಲ್ಲ ಎಂದು ಮೊದಲೇ ತಿಳಿದಿದ್ದರೆ ಒಳ್ಳೆಯದು. ಮಾತನಾಡುವಾಗ ಪುಸ್ತಕದ ರೂಪ, ಕೇಳುವಾಗ ಎರಡೂ: ಇದು ಹೆಚ್ಚಿನ ಅನುಭವಿ ಶಿಕ್ಷಕರು ಒಪ್ಪುವ ಒಪ್ಪಂದ.

ಹಾಗಾದರೆ ತಕ್ಕಂತೆ ರೂಪಿಸಿದ ಪಾಠ ನೋಡಲು ಹೇಗಿರುತ್ತದೆ? ಮೊದಲ ಭೇಟಿಯಲ್ಲಿ ಶಿಕ್ಷಕರು ಪುಸ್ತಕ ತೆರೆಯುವುದಿಲ್ಲ. ದಿನದಲ್ಲಿ ಯಾರೊಡನೆ ಚೆಕ್ ಬೇಕಾಗುತ್ತದೆ, ಯಾವ ಕಾಗದಗಳು ಮನೆಗೆ ಬರುತ್ತವೆ ಎಂದು ಕೇಳುತ್ತಾರೆ. ಬಾಡಿಗೆ ಕರಾರು, ಮಗುವಿನ ಶಾಲೆಯ ಚೀಟಿ, ವೈದ್ಯರ ಅಪಾಯಿಂಟ್‌ಮೆಂಟ್ ಸಂದೇಶ ಇವೇ ಪಠ್ಯ. ಅದರಿಂದ ವ್ಯಾಕರಣದ ಕ್ರಮ ತಾನೇ ಹೊರಡುತ್ತದೆ. ಏನಾದರೂ ಕೊಳ್ಳುವವರಿಗೆ ನಾಲ್ಕನೆಯ ವಿಭಕ್ತಿ ಮೊದಲು. ಬಹುತೇಕ ಎಲ್ಲ ಆಧುನಿಕ ಪಾಠಗಳೂ ಅಲ್ಲಿಂದಲೇ ಹೊರಡುತ್ತವೆ. ಊರೂರು ಸುತ್ತುವವರಿಗೆ ಸ್ಥಳದ ರೂಪಗಳು: ಪ್ರಾಗ್‌ನ ಚೆಕ್ ಹೆಸರು ‘ಪ್ರಹ’, ಪ್ರಾಗ್‌ಗೆ ಎಂದರೆ ‘ದೊ ಪ್ರಹಿ’, ಪ್ರಾಗ್‌ನಲ್ಲಿ ಎಂದರೆ ‘ಫ್ ಪ್ರಝೆ’. ದಾದಿಗೆ ಆಜ್ಞಾರ್ಥಕ ರೂಪಗಳು ಮೊದಲ ತಿಂಗಳಲ್ಲೇ ಬೇಕು, ಏಕೆಂದರೆ ಉಸಿರೆಳೆದುಕೊಳ್ಳಿ, ಪಕ್ಕಕ್ಕೆ ಹೊರಳಿ ಎನ್ನಬೇಕು. ಸಾಫ್ಟ್‌ವೇರ್ ಎಂಜಿನಿಯರಿಗೆ ಅವು ಒಂದು ವರ್ಷ ಬೇಕಾಗಲಿಕ್ಕಿಲ್ಲ.

ಇಲ್ಲಿ ನನ್ನದೊಂದು ತಕರಾರು. ಕಂಪನಿಗಳು ಚೆಕ್ ಪಾಠಕ್ಕೆ ಹಣ ಕೊಡುವುದು ನೌಕರನಿಗೆ. ಅವನ ಕಚೇರಿ ನಡೆಯುವುದು ಇಂಗ್ಲಿಷಿನಲ್ಲಿ. ಅವನು ಎರಡು ತಿಂಗಳು ಹೋಗಿ, ಗಡುವು ಹತ್ತಿರ ಬಂತೆಂದು ಪಾಠ ಬಿಡುತ್ತಾನೆ. ಮಗುವನ್ನು ಶಿಶುವಿಹಾರಕ್ಕೆ ಬಿಡುವುದು, ಜ್ವರ ಬಂದಾಗ ಮಕ್ಕಳ ವೈದ್ಯರಿಗೆ ಫೋನ್ ಮಾಡುವುದು, ಕೆಳಮನೆಯ ಮುದುಕರ ದೂರಿಗೆ ಉತ್ತರಿಸುವುದು ಅವನ ಹೆಂಡತಿ. ಚೆಕ್ ಬೇಕಾದದ್ದು ಅವಳಿಗೆ, ಪಾಠದ ಸೌಲಭ್ಯ ಅವಳಿಗಿಲ್ಲ. ವರ್ಗಾವಣೆಯ ಕರಾರಿಗೆ ಸಹಿ ಹಾಕುವ ಮೊದಲು ಪಾಠದ ಹಣವನ್ನು ಸಂಗಾತಿಗೂ ಬಳಸಬಹುದೇ ಎಂದು ಕೇಳಬೇಕು. ಕೊಡುವುದಿಲ್ಲವೆಂದರೆ ಏಕೀಕರಣ ಕೇಂದ್ರದ ಬಾಗಿಲು ತೆರೆದೇ ಇದೆ. ಕೆಲವು ಕಡೆ ಪಾಠದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರುತ್ತದೆ.

ಶಾಲೆ ಆರಿಸುವಾಗ ಕೇಳಬೇಕಾದ ಒಂದು ಪ್ರಶ್ನೆಯನ್ನು ಮರೆಯಬಾರದು: ನನ್ನ ಭಾಷೆಯಲ್ಲಿ ಏಳು ವಿಭಕ್ತಿಗಳಿವೆ, ಹ್ರಸ್ವ ದೀರ್ಘಗಳಿವೆ, ‘ನನಗೆ ಚಳಿ’ ಎನ್ನುತ್ತೇವೆ, ಇದನ್ನು ತಿಳಿದ ಮೇಲೆ ಪಾಠದ ಕ್ರಮ ಬದಲಾಗುತ್ತದೆಯೇ? ಒಳ್ಳೆಯ ಶಿಕ್ಷಕರಿಗೆ ಇದು ಕುತೂಹಲ ಹುಟ್ಟಿಸುತ್ತದೆ. ದ್ರಾವಿಡ ಭಾಷೆಗಳಿಗಾಗಿ ಬಾಳು ಸವೆಸಿದ, ಪ್ರಾಗ್‌ನಲ್ಲಿ ತಮಿಳು ಕಲಿಸಿದ ಕಮಿಲ್ ಝ್ವೆಲೆಬಿಲ್ (1927–2009) ಅವರ ನಾಡು ಅದು. ದಕ್ಷಿಣ ಭಾರತದ ವ್ಯಾಕರಣ ಅವರಿಗೆ ತೀರ ಅಪರಿಚಿತವೇನಲ್ಲ. ಉತ್ತರವಾಗಿ ಅದೇ ಪುಸ್ತಕದ ಅದೇ ಮೊದಲ ಪುಟ ಬಂದರೆ, ಆ ಕೋರ್ಸಿನಲ್ಲಿ ನಿಮಗೆ ತಕ್ಕಂತೆ ಹೊಂದಿಸಿರುವುದು ಸಮಯವನ್ನು ಮಾತ್ರ.

ವಿಮಾನ ಹತ್ತುವ ಮೊದಲು ಬೆಂಗಳೂರಿನಲ್ಲಿಯೇ ಕಲಿಯಬಹುದಾದದ್ದು ಅಕ್ಷರಗಳ ಉಚ್ಚಾರ, ಸಂಖ್ಯೆಗಳು ಮತ್ತು ಗಡಿಯಾರ. ಅಕ್ಷರಗಳಿಗೆ ಒಂದು ವಾರ ಸಾಕು, ಬರೆದಂತೆ ಓದುವ ಭಾಷೆ. ಸಂಖ್ಯೆಗಳಲ್ಲಿ ಇಪ್ಪತ್ತೈದನ್ನು ‘ಇಪ್ಪತ್ತು ಐದು’ ಎಂದೂ, ಜರ್ಮನ್ನರಂತೆ ‘ಐದೂ ಇಪ್ಪತ್ತು’ ಎಂದೂ ಹೇಳುತ್ತಾರೆ. ಎರಡೂ ಕಿವಿಗೆ ಪರಿಚಯವಿರಲಿ. ಗಡಿಯಾರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅವರು ಕಳೆದ ಗಂಟೆಯ ಮೇಲೆ ಎಣಿಸುವುದಿಲ್ಲ, ಬರಲಿರುವ ಗಂಟೆಯ ಕಡೆಗೆ ಎಣಿಸುತ್ತಾರೆ. ‘ಒಸುಮ್’ ಎಂದರೆ ಎಂಟು. ‘ಫ್ ಪೂಲ್ ಒಸ್ಮೇ’ ಎಂದು ವೈದ್ಯರ ದಾದಿ ಹೇಳಿದರೆ ಅದು ಎಂಟನೆಯ ಗಂಟೆಯ ಅರ್ಧ, ನಮ್ಮ ಏಳೂವರೆ. ಎಂಟು ಎಂಬುದೊಂದನ್ನೇ ಹಿಡಿದುಕೊಂಡು ಎಂಟೂವರೆಗೆ ಹೋದವರ ಸರದಿ ಒಂದು ಗಂಟೆ ಮೊದಲೇ ಮುಗಿದಿರುತ್ತದೆ. ಏಳೂಕಾಲು ‘ಎಂಟರ ಕಡೆಗೆ ಕಾಲು’, ಏಳೂಮುಕ್ಕಾಲು ‘ಎಂಟರ ಕಡೆಗೆ ಮುಕ್ಕಾಲು’. ಅನುಮಾನ ಬಂದರೆ ಅಂಕಿಯಲ್ಲಿ ಬರೆದುಕೊಡಿ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪ್ರಾಗ್‌ಗೆ ಹೊಸದಾಗಿ ಬಂದವರೆಲ್ಲ ಮಾಡುವುದು ಅದನ್ನೇ.